ಸುರಿದ ಮದ್ದು

"ಅವ್ವಾ, ಒಂದಕ್ಷರವೂ ಹೋಗಿಲ್ಲ. ಹಾಗಿದ್ದ ಮೇಲೆ ಹೋದದ್ದೇನು?" ಎಂದು ಶಿಷ್ಯೆ ಕೇಳಿದಳು.

ಮಠದ ಓಲೆಗರಿಗಳನ್ನು ಓದಿ ಕಂಪ್ಯೂಟರಿಗೆ ಏರಿಸುವುದು ಅವಳ ಕೆಲಸ. ಯಾವ ಸಾಲನ್ನು ಯಾರು ತಿದ್ದಿದರು, ಎಂದು ತಿದ್ದಿದರು, ಏಕೆ ತಿದ್ದಿದರು ಎಂಬುದನ್ನೆಲ್ಲ ಆ ಯಂತ್ರ ನೆನಪಿಟ್ಟುಕೊಳ್ಳುತ್ತಿತ್ತು. ಹನ್ನೆರಡು ವರ್ಷದ ತಿದ್ದುಪಡಿ ಅದರಲ್ಲಿತ್ತು. ಹಿಂದಿನ ದಿನ ಅವಳಿಗೆ ಫೋಲ್ಡರಿನ ಹೆಸರು ಚೆನ್ನಾಗಿಲ್ಲ ಎನಿಸಿತು. ಒಳ್ಳೆಯ ಹೆಸರಿನ ಹೊಸ ಫೋಲ್ಡರ್ ಮಾಡಿದಳು. ಫೈಲುಗಳನ್ನೆಲ್ಲ ಅದಕ್ಕೆ ತುಂಬಿದಳು. ಹಳೆಯದನ್ನು ಅಳಿಸಿದಳು. ಇವತ್ತು ಯಾವ ಸಾಲನ್ನು ತೋರಿಸಿ ಕೇಳಿದರೂ ಯಂತ್ರದ ಉತ್ತರ ಒಂದೇ: ನಿನ್ನೆ ಹುಟ್ಟಿದ್ದು, ಬರೆದವಳು ನೀನು.

ಅವ್ವ ಶಾಲೆಯ ಮೆಟ್ಟಿಲು ಹತ್ತಿದ್ದಕ್ಕಿಂತ ಇಳಿದದ್ದೇ ಬೇಗ. "ನಿನ್ನ ಯಂತ್ರದ ಮರ್ಮ ನನಗೆ ತಿಳಿಯದು," ಎಂದರು. "ಜನರ ಮನೆಯ ಮರ್ಮ ತಿಳಿದಿದೆ." ಬಾಗಿಲ ಕಡೆ ನೋಡಿದರು. ದನಿ ತಗ್ಗಿಸಿದರು. "ಮೊದಲು ಆ ಕದ ಮುಂದೆ ಮಾಡು. ಈಗ ಹೇಳುವುದು ಈ ಗೋಡೆ ದಾಟಿದರೆ ನಿನ್ನ ನಾಲಿಗೆಗೆ ಹುಳ ಬೀಳಲಿ. ಆ ಮನೆಯ ಮೊಮ್ಮಕ್ಕಳು ಇನ್ನೂ ಇದ್ದಾರೆ. ಮಠಕ್ಕೆ ಬರುತ್ತಾರೆ, ನನ್ನ ಕಾಲಿಗೂ ಬೀಳುತ್ತಾರೆ. ತಲೆ ಮುಟ್ಟಿ ಆಣೆ ಮಾಡು. ನನ್ನ ತಲೆಯಲ್ಲ, ನಿನ್ನ ತಲೆ. ಮಾಡಿದೆಯಾ? ಕೇಳು."

ಒಂದೂರಿನಲ್ಲಿ ಒಬ್ಬ ಮದ್ದಿನವಳು ಇದ್ದಳು. ಅವಳ ನಡುಮನೆಯ ಹಲಗೆಗಳ ಮೇಲೆ ಇಪ್ಪತ್ತಮೂರು ಮಣ್ಣಿನ ಗಡಿಗೆಗಳು. ಗಡಿಗೆಗಳ ತುಂಬ ಮದ್ದಿನ ಪುಡಿ. ಗಡಿಗೆಗಳಿಗೆ ರೋಗದ ಹೆಸರು ಇರಲಿಲ್ಲ, ಜನರ ಹೆಸರು ಇತ್ತು. ಯಾರ ದೆಸೆಯಿಂದ ಆ ಮದ್ದಿನ ಗುಣ ತಿಳಿಯಿತೋ ಅವರ ಹೆಸರು.

ಶಾನುಭೋಗರ ಗಡಿಗೆ ಎಂದೊಂದಿತ್ತು, ಹೊಟ್ಟೆನೋವಿಗೆ. ಶಾನುಭೋಗರು ಯಾರದೋ ತಿಥಿಯಲ್ಲಿ ಹದಿನೇಳು ವಡೆ ತಿಂದು, ಇಬ್ಬರ ಹೆಗಲ ಮೇಲೆ ಕೈಹಾಕಿಕೊಂಡು ಬಂದಿದ್ದರು. ಹನ್ನೊಂದು ಎಂದು ಅವರು ಹೇಳಿದ್ದು. ಹದಿನೇಳು ಎಂದು ಬಡಿಸಿದವಳು ಹೇಳಿದ್ದು. ಓಡಿಹೋದವಳ ಗಡಿಗೆ ಎಂದೊಂದಿತ್ತು, ಮುಖದ ಕಪ್ಪು ಬಂಗಿಗೆ. ಬಂಗು ಹೋದ ತಿಂಗಳಲ್ಲೇ ಅವಳೂ ಹೋದಳು, ಬಳೆಗಾರನ ಜೊತೆ. ಮದ್ದು ಅಷ್ಟು ಚೆನ್ನಾಗಿತ್ತು.

ಇನ್ನೊಂದು ಚೆನ್ನಾಜಮ್ಮನ ಗಡಿಗೆ. ಅದೂ ಹೊಟ್ಟೆನೋವಿಗೇ. ಚೆನ್ನಾಜಮ್ಮ ಎಂದರೆ ಊರಿಗೆ ಊರೇ ಕೈಮುಗಿಯುವ ಗರತಿ. ಒಂದು ಮಧ್ಯಾಹ್ನ ಹೊಟ್ಟೆ ಹಿಡಿದುಕೊಂಡು ಬಂದಳು. ಮದ್ದಿನವಳು ಅದರಿಂದ ಒಂದು ಚಿಟಿಕೆ ಕೊಟ್ಟಳು. ಹೊತ್ತು ಮುಳುಗುವುದರೊಳಗೆ ಐದು ತಿಂಗಳ ಬಸಿರು ಇಳಿದುಹೋಯಿತು. ಬಸುರಿ ಎಂದು ಅವಳು ಹೇಳಿರಲಿಲ್ಲ. ಹೇಗೆ ಹೇಳಿಯಾಳು? ಗಂಡ ದಂಡಿಗೆ ಹೋಗಿ ಒಂದೂವರೆ ವರ್ಷವಾಗಿತ್ತು. ತಿಳಿಯದೆ ತಿಂದಳೋ, ತಿಳಿದೇ ತಿಂದಳೋ, ಆ ಶಿವನಿಗೇ ಗೊತ್ತು. ನನಗೂ ಸ್ವಲ್ಪ ಗೊತ್ತು. ಅದು ಬೇಡ, ಬಿಡು.

ಗಡಿಗೆಯ ಹೆಸರು ಕೇಳಿದವರು ನಗುತ್ತಿದ್ದರು. ಆದರೆ ಆ ದಿನದಿಂದ ಯಾವ ಬಸುರಿಗೂ ಆ ಗಡಿಗೆಯ ಮದ್ದು ಹೋಗಲಿಲ್ಲ. ಗಂಡಸರ ಹಳೆಯ ಹೊಟ್ಟೆನೋವಿಗೆ ಅದರಂಥ ಮದ್ದು ಇನ್ನೊಂದಿಲ್ಲವೆಂದು ಮದ್ದಿನವಳು ಅದನ್ನು ಎಸೆಯಲೂ ಇಲ್ಲ.

ಅವಳಿಗೆ ಅಕ್ಷರ ಬಾರದು. ಪ್ರತಿ ಗಡಿಗೆಯ ಕೊರಳಿಗೂ ಒಂದು ದಾರ ಹಾಕಿದ್ದಳು. ಮದ್ದಿಗೆ ಹೊಸದೇನಾದರೂ ಸೇರಿಸಿದರೆ ದಾರದಲ್ಲಿ ಒಂದು ಗಂಟು. ಏನಾದರೂ ಬಿಟ್ಟರೆ ಒಂದು ಚಿಂದಿ. ಮದ್ದಿನಿಂದ ಯಾರಿಗಾದರೂ ಕೇಡಾದರೆ ಕರಿಕಂಬಳಿಯ ಒಂದು ಎಳೆ. ಕಣ್ಣು ಮುಚ್ಚಿ ದಾರದ ಮೇಲೆ ಬೆರಳಾಡಿಸಿದರೆ ಸಾಕು. ಮೂವತ್ತು ವರ್ಷದ ಹಿಂದೆ ಯಾವ ಬೇರನ್ನು ಬಿಟ್ಟೆ, ಯಾರ ಮನೆಯ ಅಳು ಕೇಳಿ ಬಿಟ್ಟೆ ಎಂದು ಹೇಳಿಬಿಡುವಳು.

ಗಡಿಗೆ ಬಿರುಕುಬಿಟ್ಟರೆ ಹೊಸದು ತರುತ್ತಿದ್ದಳು. ಹಳೆಯದರ ಬಾಯಿಗೆ ಹೊಸದನ್ನು ಬೋರಲು ಹಾಕುವಳು. ದಾರ ಬಿಚ್ಚದೆ ಹಳೆಯ ಕೊರಳಿನಿಂದ ಹೊಸ ಕೊರಳಿಗೆ ಜಾರಿಸುವಳು. ಆಮೇಲೆ ಎರಡನ್ನೂ ಕೂಡಿಸಿ ಹಿಡಿದು ಮಗುಚುವಳು. "ಮದ್ದನ್ನು ಸುರಿಯಬಾರದು ಕಣೇ, ದಾಟಿಸಬೇಕು," ಎಂದು ಸೊಸೆಗೆ ಹೇಳುವಳು. ಇದು ಅತ್ತೆಯ ಮಡಿಯ ಶಾಸ್ತ್ರ ಎಂದುಕೊಂಡಳು ಸೊಸೆ. ಏಕೆಂದು ಕೇಳಲಿಲ್ಲ. ಕೇಳದವರಿಗೆ ಅತ್ತೆಯೂ ಹೇಳುವವಳಲ್ಲ.

ಒಂದು ದಿನ ಅತ್ತೆಗೆ ಲಕ್ವ ಹೊಡೆಯಿತು. ಮಾತು ನಿಂತಿತು. ನಾಲಿಗೆಯ ಮೇಲೆ ಉಪ್ಪು ಇಟ್ಟರೂ ಸಕ್ಕರೆ ಇಟ್ಟರೂ ಒಂದೇ ಆಯಿತು. ಎಡಗೈ ಒಂದು ಉಳಿಯಿತು. ಹಲಗೆಯ ಮೇಲಿನ ಇಪ್ಪತ್ತಮೂರು ಗಡಿಗೆ ಸೊಸೆಯ ಕೈಗೆ ಬಂದವು.

ಪಕ್ಕದ ಮನೆಯಲ್ಲಿ ಒಬ್ಬಳಿದ್ದಳು. ನಾಲಿಗೆ ಎಂದರೆ ನಾಲಿಗೆ, ಮಡಿಸಿ ಇಡಲು ಬಾಯಲ್ಲಿ ಜಾಗ ಸಾಲದು. ಮದ್ದಿಗೆ ಬಂದವರ ಪಕ್ಕ ಕೂತು ಒಂದೊಂದು ಗಡಿಗೆಯ ಕತೆ ಹೇಳುವುದೇ ಅವಳ ಹಗಲಿನ ಕೆಲಸ. ಸೊಸೆಗೆ ಅದು ಕಂಡರಾಗದು. ಅದಕ್ಕೊಂದು ಕಾರಣವಿತ್ತು. ಇದ್ದ ಒಬ್ಬ ಮಗಳನ್ನು ಸೊಸೆ ದೊಡ್ಡ ಮನೆಗೆ ಕೊಟ್ಟಿದ್ದಳು. ಯಾವ ದೊಡ್ಡ ಮನೆ? ಚೆನ್ನಾಜಮ್ಮನ ಮೊಮ್ಮಗನ ಮನೆ.

ಮದುವೆಯಾದ ವರ್ಷ ಬೀಗಿತಿ ಊಟಕ್ಕೆ ಬಂದಳು. ನೆರೆಯವಳು ಕರೆಯದೆ ಬಂದು ಬಾಗಿಲಲ್ಲಿ ಕೂತಳು. "ತಾವು ಚೆನ್ನಾಜಮ್ಮನವರ ಸೊಸೆಯಲ್ಲವೇ?" ಎಂದಳು. "ಅಗೋ, ಮೇಲಿನ ಹಲಗೆಯಲ್ಲಿ ಮೂರನೆಯದು. ನಿಮ್ಮ ಅತ್ತೆಯವರದೇ ಗಡಿಗೆ. ಅದರ ಕತೆ ನಿಮ್ಮ ಮನೆಯಲ್ಲಿ ಹೇಳಿದ್ದಾರೋ, ನಾನೇ ಹೇಳಲೋ?"

ಬೀಗಿತಿ ಪಾಯಸದ ಎಲೆ ಬಿಟ್ಟು ಎದ್ದಳು. ಹೋಗುವಾಗ ಒಂದೇ ಮಾತು ಆಡಿದಳು: "ಆ ಹೆಸರು ಇನ್ನೊಮ್ಮೆ ಈ ಮನೆಯಲ್ಲಿ ಕೇಳಿದರೆ ನಿಮ್ಮ ಮಗಳು ಈ ಮನೆಯಲ್ಲೇ ಇರುತ್ತಾಳೆ."

ಸೊಸೆಗೆ ಅನ್ನ ಇಳಿಯಲಿಲ್ಲ. ಮಗಳ ಬಾಳು ಒಂದು ಗಡಿಗೆಯ ಹೆಸರಿಗೆ ತೂಗಿಬಿದ್ದಿದೆ ಎನಿಸಿತು. ಸಂತೆಯಿಂದ ಇಪ್ಪತ್ತಮೂರು ಪಿಂಗಾಣಿ ಭರಣಿ ತರಿಸಿದಳು. ಎಲ್ಲವೂ ಬಿಳಿ, ಎಲ್ಲವೂ ಒಂದೇ ಅಳತೆ. ಒಂದು ಬೆಳಗ್ಗೆ ಕದ ಹಾಕಿದಳು. ನೆರೆಯವಳ ಕಣ್ಣು ಬೀಳಬಾರದೆಂದು ಹಿತ್ತಲ ಮೋಟುಗೋಡೆಗೆ ಚಾಪೆ ಕಟ್ಟಿದಳು. ಗಡಿಗೆಗಳನ್ನೆಲ್ಲ ಇಳಿಸಿ ಹಿತ್ತಲ ಅಂಗಳದಲ್ಲಿ ಹರಡಿದಳು. ಕೊರಳ ದಾರಗಳನ್ನು ಒಂದೊಂದಾಗಿ ಕತ್ತರಿಸಿದಳು. ಎಸೆಯಲು ಧೈರ್ಯ ಬರಲಿಲ್ಲ. ಹಳೆಯ ಸೀರೆಯ ತುಂಡಿನಲ್ಲಿ ಗಂಟುಕಟ್ಟಿ ಕಣಜದ ಹಿಂದೆ ತಳ್ಳಿದಳು. ಆಮೇಲೆ ಪುಡಿಗಳನ್ನು ಭರಣಿಗಳಿಗೆ ಸುರಿದಳು.

ಬಣ್ಣ ನೋಡಿ, ವಾಸನೆ ನೋಡಿ, ಚೀಟಿ ಅಂಟಿಸಿದಳು. ಜ್ವರ. ಕೆಮ್ಮು. ಬಂಗು. ಹೊಟ್ಟೆನೋವಿನ ಮದ್ದು ಎರಡಿದ್ದವು. ಎರಡಕ್ಕೂ ಓಮ, ಶುಂಠಿಯ ವಾಸನೆ. ಎರಡರದೂ ಒಂದೇ ಬಣ್ಣ. ಹೊಟ್ಟೆನೋವು ಒಂದು, ಹೊಟ್ಟೆನೋವು ಎರಡು ಎಂದು ಬರೆದಳು. ಗಡಿಗೆಗಳನ್ನು ತಿಪ್ಪೆಯ ಮೇಲೆ ಒಡೆದಳು. ಒಂದು ಚಿಟಿಕೆ ಪುಡಿಯೂ ಚೆಲ್ಲಲಿಲ್ಲ.

ಹೆಸರು ಬದಲಿಸಿದ್ದು ತಪ್ಪೇ? ಅಲ್ಲ. ಶಾನುಭೋಗರ ವಡೆಯನ್ನು ಊರು ಎಷ್ಟು ದಿನ ಎಣಿಸಬೇಕು? ಆ ಹೆಸರುಗಳು ಹೋಗಬೇಕಾದವೇ. ಆದರೆ ಮನೆಯಿಂದ ಇಪ್ಪತ್ತಮೂರು ಹೋದವು ಎನ್ನಬಹುದಿತ್ತು. ಮನೆಗೆ ಇಪ್ಪತ್ತಮೂರು ಬಂದವು ಎನ್ನಬಹುದಿತ್ತು. ಹೋದದ್ದೇ ಬಂತು ಎನ್ನಲು ಒಂದು ಎಳೆಯೂ ಉಳಿಯಲಿಲ್ಲ.

ಬೀಗಿತಿಗೆ ಸುದ್ದಿ ಮುಟ್ಟಿತು. ಸಮಾಧಾನವಾಯಿತು. ಮಗಳಿಗೆ ಏಳು ತಿಂಗಳು ತುಂಬಿದಾಗ ಬಾಣಂತನಕ್ಕೆಂದು ತವರಿಗೆ ಕಳಿಸಿದಳು.

ಬಂದ ಹತ್ತನೆಯ ದಿನ, ಮಧ್ಯಾಹ್ನದ ಊಟವಾದ ಮೇಲೆ, ಮಗಳಿಗೆ ಹೊಟ್ಟೆ ಹಿಂಡಿ ಬಂತು. ಆಸ್ಪತ್ರೆ ಎಂಬ ಮಾತು ಆ ಕಡೆಗೆ ಇನ್ನೂ ಬಂದಿರಲಿಲ್ಲ. ಸೊಸೆ ಎದ್ದಳು. ಹಲಗೆಯ ಮುಂದೆ ನಿಂತಳು. ಚೀಟಿ ಓದಿದಳು. ಹೊಟ್ಟೆನೋವು ಎರಡು ಕೈಗೆ ಹತ್ತಿರವಿತ್ತು. ಒಂದು ಚಿಟಿಕೆ ಬಿಸಿನೀರಿಗೆ ಹಾಕಿ ಕಲಕಿದಳು. ಮಗಳು ಕುಡಿದು ಬಾಯಿ ಒರೆಸಿಕೊಂಡಳು.

ಒಳಕೋಣೆಯಿಂದ ಅತ್ತೆಯ ದನಿ ಬಂತು. ಮಾತಲ್ಲ, ದನಿ. ಮಂಚದ ಮೇಲಿಂದ ಅವಳಿಗೆ ಎಲ್ಲ ಕಾಣುತ್ತಿತ್ತು. ಎಡಗೈ ಎತ್ತಿ ಮೊಮ್ಮಗಳ ಹೊಟ್ಟೆ ತೋರಿಸಿದಳು. ಆಮೇಲೆ ಭರಣಿ ತೋರಿಸಿದಳು. ಕೊಡು ಎಂದು ಬೆರಳು ಮಡಚಿದಳು.

ಸೊಸೆ ಭರಣಿ ತಂದು ಎದೆಯ ಹತ್ತಿರ ಹಿಡಿದಳು. ಅತ್ತೆಯ ಬೆರಳು ಭರಣಿಯ ಕೊರಳಿಗೆ ಹೋಯಿತು. ಕೊರಳ ಸುತ್ತ ಒಂದು ಸುತ್ತು ಬಂತು. ನುಣುಪು. ಇನ್ನೊಂದು ಸುತ್ತು ಬಂತು. ನುಣುಪು. ಬೆರಳು ನಿಂತಿತು. ಅತ್ತೆ ಕಣ್ಣೆತ್ತಿ ಸೊಸೆಯ ಮುಖ ನೋಡಿದಳು.

ಆಗ ಸೊಸೆಗೆ ಚೆನ್ನಾಜಮ್ಮ ನೆನಪಾದಳು.

ನೂರು ಸಲ ಕೇಳಿದ ಕತೆ ಅದು. ಗಂಡ ದಂಡಿನಲ್ಲಿದ್ದ ಎಂಬುದಕ್ಕೆ ನಾಚಿದ್ದಳು. ಬಸಿರು ಇಳಿಯಿತು ಎಂಬುದನ್ನು ಒಮ್ಮೆಯೂ ಕೇಳಿಸಿಕೊಂಡಿರಲಿಲ್ಲ.

ಓಡಿದಳು. ಕಣಜದ ಹಿಂದಿನಿಂದ ದಾರದ ಗಂಟು ಎಳೆದು ತಂದು ಅತ್ತೆಯ ಮಡಿಲಲ್ಲಿ ಬಿಚ್ಚಿದಳು. ಹೊಟ್ಟೆನೋವು ಒಂದನ್ನೂ ತಂದು ಎರಡರ ಪಕ್ಕ ಇಟ್ಟಳು. ಅತ್ತೆ ಒಂದೊಂದೇ ದಾರ ಹಿಡಿದು ಬೆರಳಾಡಿಸಿದಳು. ಒಂದನ್ನು ಬಿಟ್ಟಳು. ಇನ್ನೊಂದನ್ನು ಬಿಟ್ಟಳು. ಹದಿನಾಲ್ಕನೆಯದೋ ಹದಿನೈದನೆಯದೋ, ಒಂದು ದಾರ ಅವಳ ಕೈಯಲ್ಲಿ ನಿಂತಿತು. ಅದರಲ್ಲಿ ಕರಿಕಂಬಳಿಯ ಎಳೆ ಇತ್ತು.

"ಅದೇ ಅತ್ತೆ, ಅದೇ. ಯಾವುದರದು? ಇದರದೋ, ಅದರದೋ?"

ಅತ್ತೆ ದಾರವನ್ನು ಮೊದಲ ಭರಣಿಯ ಹತ್ತಿರ ಒಯ್ದಳು. ಎರಡನೆಯದರ ಹತ್ತಿರ ಒಯ್ದಳು. ಮತ್ತೆ ಮೊದಲನೆಯದಕ್ಕೆ. ಆ ಕೈ ಎರಡು ಬಿಳಿ ಭರಣಿಗಳ ನಡುವೆ ಓಡಾಡಿತು, ಮನೆ ತಪ್ಪಿದ ಬೆಕ್ಕು ಎರಡು ಬಾಗಿಲಿನ ನಡುವೆ ಓಡಾಡುವ ಹಾಗೆ. ಆಮೇಲೆ ಮಡಿಲಿಗೆ ಬಿತ್ತು. ಅತ್ತೆಯ ಅರ್ಧ ಮುಖ ಅಳುತ್ತಿತ್ತು. ಇನ್ನರ್ಧ ಸುಮ್ಮನಿತ್ತು.

ಹೊರಗೆ ಮಗಳು, "ಅಮ್ಮಾ, ಇನ್ನೂ ನೋವು," ಎಂದಳು.

ಸೊಸೆ ಹಿತ್ತಲಿಗೆ ಓಡಿ ಮೋಟುಗೋಡೆಯ ಚಾಪೆ ಕಿತ್ತುಹಾಕಿದಳು. ನೆರೆಯವಳು ಆಚೆ ಅವರೆಕಾಳು ಹಿದುಕುತ್ತ ಕೂತಿದ್ದಳು.

"ಅಕ್ಕಾ, ಚೆನ್ನಾಜಮ್ಮನ ಗಡಿಗೆ..."

"ಯಪ್ಪಾ! ಆ ಹೆಸರು ಈ ಮನೆಯಲ್ಲಿ ಆಡಬಾರದಂತಲ್ಲ, ಆಡಿದವಳು ನೀನು, ನಾನಲ್ಲ," ಎಂದಳು ನೆರೆಯವಳು. ಆಮೇಲೆ ಸೊಸೆಯ ಮುಖ ನೋಡಿದಳು. ಕಾಳಿನ ಮೊರ ಕೆಳಗಿಟ್ಟಳು. "ಏನಾಯಿತು ಹೇಳು."

ಸೊಸೆ ಹೇಳಿದಳು. ನೆರೆಯವಳು ಗೋಡೆ ದಾಟಿ ಬಂದಳು. ಆ ವಯಸ್ಸಿಗೆ ಹೇಗೆ ದಾಟಿದಳೋ. ಎರಡು ಭರಣಿಗಳನ್ನೂ ನೋಡಿದಳು, ಮೂಸಿದಳು, ತಲೆ ಕೊಡವಿದಳು.

"ಚೆನ್ನಾಜಮ್ಮನ ಗಡಿಗೆ ಮೇಲಿನ ಹಲಗೆಯಲ್ಲಿ ಮೂರನೆಯದು. ಶಾನುಭೋಗರದು ನಡುವಿನ ಹಲಗೆಯ ತುದಿಯದು, ಬಾಯಿ ಸ್ವಲ್ಪ ಒಡೆದಿತ್ತು. ಯಾವ ಗಡಿಗೆಗೆ ಯಾವ ವರ್ಷ ಏನು ಬಿತ್ತು, ಯಾರ ಮನೆ ಹಾಳಾಯಿತು, ಎಲ್ಲ ನನ್ನ ನಾಲಿಗೆಯ ಮೇಲಿದೆ. ಕೇಳು, ಹೇಳುತ್ತೇನೆ. ಆದರೆ ಹೊಟ್ಟೆನೋವು ಒಂದು, ಹೊಟ್ಟೆನೋವು ಎರಡು ಎಂದರೆ ಯಾರು? ಇವರನ್ನು ನಾನು ಕಂಡಿಲ್ಲ."

"ಊರ ಮನೆಗಳನ್ನೆಲ್ಲ ನೋಡುತ್ತೀಯಲ್ಲ ಅಕ್ಕಾ, ಸುರಿದ ದಿನ ಒಮ್ಮೆಯಾದರೂ ಇಣುಕಿರುತ್ತೀ. ಸುಳ್ಳಾದರೂ ಹೂಂ ಎನ್ನು."

"ಇಣುಕಲು ಬಂದಿದ್ದೆ," ಎಂದಳು ನೆರೆಯವಳು. "ಚಾಪೆ ಕಟ್ಟಿದ್ದೆಯಲ್ಲ ತಾಯಿ."

ಆಮೇಲೆ ಮಾಡಲು ಏನೂ ಉಳಿಯಲಿಲ್ಲ. ವಾಂತಿ ಮಾಡಿಸಲು ನೋಡಿದರು, ಬರಲಿಲ್ಲ. ಚೆನ್ನಾಜಮ್ಮನಿಗೆ ಆದದ್ದು ಹೊತ್ತು ಮುಳುಗುವುದರೊಳಗೆ. ಹಾಗಾಗಿ ಹೊತ್ತು ಮುಳುಗುವ ತನಕ ಕಾಯಬೇಕು. ಮಗಳನ್ನು ಗೋಡೆಗೆ ಒರಗಿಸಿ ಕೂಡಿಸಿದರು. ಒಂದು ಕಡೆ ನೆರೆಯವಳು, ಇನ್ನೊಂದು ಕಡೆ ತಾಯಿ. ತಾಯಿಯ ಕೈ ಮಗಳ ಹೊಟ್ಟೆಯ ಮೇಲಿತ್ತು. ಹೊಟ್ಟೆ ಗಟ್ಟಿಯಾಗುತ್ತಿತ್ತು, ಸಡಿಲವಾಗುತ್ತಿತ್ತು. ಗಟ್ಟಿಯಾದಾಗಲೆಲ್ಲ ತಾಯಿಯ ಉಸಿರು ನಿಲ್ಲುತ್ತಿತ್ತು.

"ಯಾಕಮ್ಮ ಇಬ್ಬರೂ ಹೀಗೆ ಕೂತಿದ್ದೀರಿ?" ಎಂದಳು ಮಗಳು.

"ಸುಮ್ಮನೆ," ಎಂದಳು ನೆರೆಯವಳು. ಅವಳು ಬದುಕಿನಲ್ಲಿ ಅಷ್ಟು ಚಿಕ್ಕ ಮಾತು ಆಡಿದ್ದು ಅದೊಂದೇ ಸಲ.

ಬಿಸಿಲು ಅಂಗಳದಿಂದ ಗೋಡೆಗೆ ಏರಿತು. ಮಗಳು ಎದ್ದರೆ ಇಬ್ಬರೂ ಎದ್ದು ಅವಳ ಸೀರೆಯ ಹಿಂಭಾಗ ನೋಡುವರು. ಕೂತರೆ ಕೂತಿದ್ದ ಜಾಗ ನೋಡುವರು. ನೆಲದ ಮೇಲೆ ಒಂದು ಕೆಂಪು ಹನಿ ಕಂಡು ತಾಯಿ ಚೀರಿದಳು. ಅದು ಎಲೆಯಡಿಕೆಯ ಉಗುಳು, ನೆರೆಯವಳದೇ. ಯಾರೂ ನಗಲಿಲ್ಲ.

ಬಿಸಿಲು ಗೋಡೆಯನ್ನೂ ಬಿಟ್ಟು ಹೋಯಿತು. ಮಗಳ ಹೊಟ್ಟೆ ಮೆತ್ತಗಿತ್ತು. ತಾಯಿಯ ಅಂಗೈಯ ಕೆಳಗೆ ಏನೂ ಅಲುಗುತ್ತಿರಲಿಲ್ಲ. ಬಹಳ ಹೊತ್ತು ಅಲುಗಲಿಲ್ಲ. ತಾಯಿ ನೆರೆಯವಳ ಮುಖ ನೋಡಿದಳು. ನೆರೆಯವಳು ಬೇರೆ ಕಡೆ ನೋಡಿದಳು.

ಆಗ ಒಳಗಿನಿಂದ ಕೂಸು ಒದೆಯಿತು. ಇನ್ನೊಮ್ಮೆ ಒದೆಯಿತು.

"ನೋವು ಹೋಯಿತಮ್ಮ," ಎಂದಳು ಮಗಳು. "ಹಸಿವಾಗುತ್ತಿದೆ."

ಅವ್ವ ಇಲ್ಲಿ ಮಾತು ನಿಲ್ಲಿಸಿದರು.

"ಸದ್ಯ! ಎರಡನೆಯದೇ ಶಾನುಭೋಗರದು, ಒಂದನೆಯದು ಚೆನ್ನಾಜಮ್ಮನದು. ಅಂತೂ ಗೊತ್ತಾಯಿತಲ್ಲ ಅವ್ವಾ," ಎಂದಳು ಶಿಷ್ಯೆ.

"ಅವಳೂ ಹಾಗೇ ಅಂದಳು," ಎಂದರು ಅವ್ವ. "ಅಳುತ್ತ, ನಗುತ್ತ, ಆ ಕರಿ ಎಳೆಯ ದಾರವನ್ನು ಒಂದನೆಯ ಭರಣಿಯ ಕೊರಳಿಗೆ ಕಟ್ಟುತ್ತ, 'ಅಂತೂ ಗೊತ್ತಾಯಿತಲ್ಲ ಅಕ್ಕಾ' ಅಂದಳು. ನೆರೆಯವಳು ಹೊರಡಲು ಎದ್ದವಳು ನಿಂತಳು. ಹಲಗೆಗಳನ್ನು ಮೇಲಿನಿಂದ ಕೆಳಗಿನ ತನಕ ಒಮ್ಮೆ ನೋಡಿದಳು. ಆಮೇಲೆ ಅವಳ ಮುಖಕ್ಕೇ ಹೇಳಿದಳು: 'ಇನ್ನೂ ಇಪ್ಪತ್ತೊಂದು ಭರಣಿ ಉಳಿದಿವೆ ತಾಯಿ. ನಿನಗೆ ಇನ್ನೆಷ್ಟು ಜನ ಹೆಣ್ಣುಮಕ್ಕಳಿದ್ದಾರೆ?'"